ಖಾಲಿ ತಟ್ಟೆಗೆ 3 ಡಾಲರ್

ನಮ್ಮ ಮನೆಯಲ್ಲಿ ಎಲ್ಲವೂ ಬೈ ಟೂ. ಬೆಂಗಳೂರಿನಲ್ಲಿ ಇದ್ದಾಗಿನಿಂದ ಅಂಟಿಕೊಂಡ ಚಾಳಿ ಇದು. ಕಾಫಿ ಬೈ ಟೂ, ಟೊಮೆಟೊ ಸೂಪ್ ಬೈ ಟೂ, ಗೋಬಿ ಮಂಚೂರಿ ಬೈ ಟೂ. ಮದುವೆಯಾಗಿ ಏಳು ವರ್ಷ ಆಯಿತು, ನ್ಯೂಜೆರ್ಸಿಗೆ ಬಂದು ಮೂರು ವರ್ಷ ಆಯಿತು, ಇನ್ನೂ ಹೋಗಿಲ್ಲ. ಜಿಪುಣತನ ಅಂತ ನನ್ನ ತಂಗಿ ಆಡಿಕೊಳ್ಳುತ್ತಾಳೆ. ಸ್ವಲ್ಪ ಹೌದು. ಆದರೆ ಹಾಗೆ ಹಂಚಿಕೊಂಡರೆ ಒಂದರ ಬದಲು ಎರಡು ಬಗೆ ರುಚಿ ನೋಡಬಹುದು ಅಲ್ವಾ?

ಹೋದ ಭಾನುವಾರ ನಮ್ಮವರಿಗೆ ಇದ್ದಕ್ಕಿದ್ದ ಹಾಗೆ ಡೈನರ್ ಹುಚ್ಚು ಹಿಡಿಯಿತು. ಡೈನರ್ ಅಂದರೆ ಇಲ್ಲಿನ ರಸ್ತೆ ಬದಿಯ ಮಾಮೂಲಿ ಹೋಟೆಲ್. ಮೂರು ವರ್ಷದಿಂದ ಹೈವೇ ಪಕ್ಕದಲ್ಲಿ ಸ್ಟೀಲ್ ತಗಡು, ಕೆಂಪು ನಿಯಾನ್ ದೀಪದ ಡೈನರ್‌ಗಳನ್ನು ನೋಡುತ್ತಾ ಎಡಿಸನ್‌ನ ಓಕ್ ಟ್ರೀ ರೋಡಿಗೆ ದೋಸೆ ತಿನ್ನಲು ಹೋಗುತ್ತಿದ್ದೆವು. ಒಂದು ದಿನವೂ ಒಳಗೆ ಕಾಲಿಟ್ಟಿರಲಿಲ್ಲ. "ಲೇ, ಇವತ್ತು ದೋಸೆ ಬೇಡ, ಬ್ರಂಚ್‌ಗೆ ಹೋಗೋಣ" ಅಂದರು. ಇವರ ಬಾಯಲ್ಲಿ ಬ್ರಂಚ್ ಅನ್ನೋ ಪದ ಕೇಳಿದ್ದು ಅವತ್ತೇ ಮೊದಲು. ಈ ಪದ 1895ರಲ್ಲಿ ಇಂಗ್ಲೆಂಡಿನ ಒಂದು ಪತ್ರಿಕೆಯಲ್ಲಿ ಬಂದಿತ್ತಂತೆ, ಶನಿವಾರ ರಾತ್ರಿ ಜಾಸ್ತಿ ಕುಡಿದು ಭಾನುವಾರ ತಡವಾಗಿ ಏಳುವವರಿಗೆ ತಿಂಡಿ, ಊಟ ಎರಡೂ ಒಟ್ಟಿಗೆ ಆದರೆ ಅನುಕೂಲ ಅಂತ ವಾದ. ನಮಗೆ ತಡ ಆಗಿದ್ದು ಬಟ್ಟೆ ಒಗೆದು ಮಡಚುವುದರಲ್ಲಿ.

ಡೈನರಿನ ಹೆಸರು ಬರೆಯುವುದಿಲ್ಲ. ಬಿಲ್ ವಿಷಯದಲ್ಲಿ ನನಗೊಂದು ಸಣ್ಣ ಮುನಿಸಿದೆ, ಅದಕ್ಕೆ ಪಾಪ ಅವರ ಹೆಸರು ಕೆಡಿಸುವುದು ಬೇಡ. ಎಡಿಸನ್‌ನಿಂದ ಅರ್ಧ ಗಂಟೆಯ ದಾರಿ ಅಂದರೆ ಸಾಕು. ಅಷ್ಟು ದೂರದಲ್ಲಿ ಈ ಥರದ್ದು ಐದಾರು ಸಿಗುತ್ತವೆ, ಈ ರಾಜ್ಯಕ್ಕೆ ಡೈನರ್‌ಗಳ ರಾಜಧಾನಿ ಅಂತ ಸುಮ್ನೆ ಹೆಸರು ಬಂದಿಲ್ಲ.

ಹನ್ನೊಂದಕ್ಕೆ ಹೋದೆವು. ಅದೇ ತಪ್ಪು. ಚರ್ಚ್ ಮುಗಿಸಿಕೊಂಡು ಬಂದವರೆಲ್ಲ ಬಾಗಿಲಲ್ಲೇ ನಿಂತಿದ್ದರು, ನಮಗೆ ಮೂವತ್ತೈದು ನಿಮಿಷ ಅಂದರು. ಕಾಯುವ ಜಾಗದ ಪಕ್ಕದಲ್ಲೇ ಗಾಜಿನ ಪೆಟ್ಟಿಗೆಯಲ್ಲಿ ಕೇಕ್‌ಗಳು ನಿಧಾನವಾಗಿ ತಿರುಗುತ್ತಿದ್ದವು. ಚೀಸ್ ಕೇಕ್, ಚಾಕೊಲೇಟ್ ಕೇಕ್, ಮೇಲೆ ಗೇಣುದ್ದ ಬಿಳಿ ನೊರೆ ಹೊತ್ತ ಲೆಮನ್ ಪೈ. ಹಸಿದವರನ್ನು ಅದರ ಮುಂದೆ ನಿಲ್ಲಿಸುವುದು ಹೋಟೆಲಿನವರ ಜಾಣತನ.

ಒಳಗೆ ಎಲ್ಲ ಐವತ್ತರ ದಶಕ. ಕಪ್ಪು ಬಿಳಿ ಚೌಕದ ನೆಲ, ಕೌಂಟರಿನ ಮುಂದೆ ಗಿರಗಿರ ತಿರುಗುವ ಎತ್ತರದ ಸ್ಟೂಲ್, ಕೆಂಪು ರೆಕ್ಸಿನ್ ಸೀಟು, ಗೋಡೆ ತುಂಬ ಹಳೆಯ ಕಾರುಗಳ ಚಿತ್ರ. ಆದರೆ ಇದು ನಿಜವಾದ ಹಳೆಯ ಡೈನರ್ ಅಲ್ಲ. ಹೊರಗೆ ಹೊಳೆಯುವ ಸ್ಟೀಲ್ ಇದೆಯಲ್ಲ, ಅದು ಮಾಮೂಲಿ ಕಟ್ಟಡದ ಮುಖಕ್ಕೆ ಅಂಟಿಸಿದ ಹಾಳೆ. ಪಕ್ಕಕ್ಕೆ ಹೋಗಿ ನೋಡಿದರೆ ಬರೀ ಗೋಡೆ.

ನಿಜವಾದದ್ದರ ಕಥೆಯೇ ಬೇರೆ. 1872ರಲ್ಲಿ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ಊರಿನಲ್ಲಿ ವಾಲ್ಟರ್ ಸ್ಕಾಟ್ ಅನ್ನುವವನು ಕುದುರೆ ಗಾಡಿಯಲ್ಲಿ ತಿಂಡಿ ಇಟ್ಟುಕೊಂಡು, ರಾತ್ರಿ ಪಾಳಿಯ ಪತ್ರಿಕೆ ಕೆಲಸಗಾರರಿಗೆ ಮಾರುತ್ತಿದ್ದ. ನಮ್ಮ ತಳ್ಳುಗಾಡಿ ಥರವೇ ಅನ್ನಿ. ಆಮೇಲೆ ಆ ಗಾಡಿಗಳು ದೊಡ್ಡದಾಗುತ್ತಾ ಹೋಗಿ, ಇಡೀ ಹೋಟೆಲನ್ನೇ ಫ್ಯಾಕ್ಟರಿಯಲ್ಲಿ ಕಟ್ಟಿ, ಸಾಗಿಸಿ ತಂದು ರಸ್ತೆ ಬದಿಗೆ ಕೂರಿಸುವ ಕಾಲ ಬಂತು. ಜೆರ್ರಿ ಓಮಾಹೊನಿ ಅನ್ನೋ ಕಂಪನಿ ನ್ಯೂಜೆರ್ಸಿಯಲ್ಲೇ ಅವುಗಳನ್ನು ತಯಾರು ಮಾಡುತ್ತಿತ್ತು. ಸಾಗಿಸಬೇಕಲ್ಲ, ಅದಕ್ಕೇ ಅವು ಅಷ್ಟು ಉದ್ದ, ಅಷ್ಟು ಕಿರಿದು. ಹಳೆಯ ರೈಲು ಡಬ್ಬಿಯನ್ನು ಹೋಟೆಲ್ ಮಾಡಿದ್ದಾರೆ ಅಂತ ನಾನು ಮೂರು ವರ್ಷ ನಂಬಿದ್ದೆ, ಹೆಚ್ಚಿನವು ಹಾಗಲ್ಲವಂತೆ. ನ್ಯೂಜೆರ್ಸಿಯ ಸಮಿಟ್ ಊರಿನಲ್ಲಿ ಓಮಾಹೊನಿಯವರು 1930ರ ದಶಕದ ಕೊನೆಯಲ್ಲಿ ಮಾಡಿದ ಡೈನರ್ ಇನ್ನೂ ನಡೆಯುತ್ತಿದೆ. ಹಳೆಯದೇ ಬೇಕು ಅನ್ನುವವರು ಅಲ್ಲಿಗೆ ಹೋಗಿ. ನಮ್ಮ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ಇದೆ, ಅಲ್ಲಿ ಯಾರೂ ಹಳೆಯ ಕಾಲದ ಅಲಂಕಾರ ಅಂತ ಏನೂ ಮಾಡಿಲ್ಲ. ಕೈ ತುಂಬ ಒಂದರ ಮೇಲೊಂದು ದೋಸೆ ತಟ್ಟೆ ಪೇರಿಸಿಕೊಂಡು ಬರುವವರನ್ನು ನೋಡಿದರೆ ಸಾಕು, ಬೇರೆ ಅಲಂಕಾರ ಯಾಕೆ?

ನಮಗೆ ಕಿಟಕಿ ಪಕ್ಕದ ಬೂತ್ ಸಿಕ್ಕಿತು. ರೆಕ್ಸಿನ್ ಹರಿದ ಕಡೆ ಕೆಂಪು ಟೇಪ್ ಹಚ್ಚಿದ್ದರು, ಅದೊಂದೇ ಅಲ್ಲಿ ನಿಜವಾಗಿ ಹಳೆಯದು. ಮೇಜಿನ ಪಕ್ಕ ಗೋಡೆಗೆ ನಾಣ್ಯ ಹಾಕಿದರೆ ಹಾಡುವ ಪುಟ್ಟ ಜೂಕ್‌ಬಾಕ್ಸ್. ಇವರು ಆಸೆಯಿಂದ ಜೇಬು ತಡಕಾಡಿ 25 ಸೆಂಟಿನ ನಾಣ್ಯ ಹಾಕಿದರು. ಹಾಡು ಬರಲಿಲ್ಲ, ನಾಣ್ಯವೂ ವಾಪಸ್ ಬರಲಿಲ್ಲ. ಹಾಡು ಬರುತ್ತಿದ್ದದ್ದು ಚಾವಣಿಯ ಸ್ಪೀಕರಿನಿಂದ. ಕೆಡುವುದು ತಪ್ಪಲ್ಲ, ಒಂದು ಚೀಟಿ ಅಂಟಿಸಬಹುದಿತ್ತು.

ಮೆನು ಅಂದರೆ ಮೆನು ಅಲ್ಲ, ಟೆಲಿಫೋನ್ ಡೈರೆಕ್ಟರಿ. ಹನ್ನೆರಡು ಪುಟ. ಆಮ್ಲೆಟ್ಟಿನ ಪಕ್ಕ ಸ್ಪಗೆಟಿ, ಅದರ ಪಕ್ಕ ಗ್ರೀಕರ ಪಾಲಕ್ ಪೈ. ಈ ಕಡೆ ಎಷ್ಟೋ ಡೈನರ್‌ಗಳನ್ನು ಗ್ರೀಸಿನಿಂದ ವಲಸೆ ಬಂದ ಕುಟುಂಬಗಳು ನಡೆಸಿಕೊಂಡು ಬಂದಿವೆ, ನಮ್ಮಲ್ಲಿ ಹೋಟೆಲ್ ಅಂದರೆ ಉಡುಪಿಯವರು ಅನ್ನುವ ಹಾಗೆ.

ನಾನು ಮೊಟ್ಟೆ ತಿನ್ನುತ್ತೇನೆ. ಇವರು ತಿನ್ನುವುದಿಲ್ಲ. ಕೇಕಿನೊಳಗಿನ ಮೊಟ್ಟೆ ಮಾತ್ರ ಲೆಕ್ಕಕ್ಕಿಲ್ಲ, ಅದು ಅವರದೇ ಶಾಸ್ತ್ರ. ಹಾಗಾಗಿ ನನಗೆ ಎರಡು ಮೊಟ್ಟೆ, ಹೋಮ್ ಫ್ರೈಸ್ ಅನ್ನುವ ಹುರಿದ ಆಲೂಗಡ್ಡೆ ತುಂಡು, ಟೋಸ್ಟ್. ಅವರಿಗೆ ಸ್ಟ್ರಾಬೆರಿ ಹಾಕಿದ ವಾಫಲ್. ಜೊತೆಗೆ ಈ ರಾಜ್ಯದ ಹೆಮ್ಮೆ ಅಂತ ಹೇಳುವ ಡಿಸ್ಕೊ ಫ್ರೈಸ್. ಆಲೂಗಡ್ಡೆ ಫ್ರೈಸ್ ಮೇಲೆ ಮೊಜರೆಲ್ಲಾ ಚೀಸ್ ಕರಗಿಸಿ, ಕಂದು ಗ್ರೇವಿ ಸುರಿದು ಕೊಡುವುದು. ಗ್ರೇವಿ ದನದ ಮಾಂಸದ್ದು ಅಂತ ಆರ್ಡರ್ ತೆಗೆದುಕೊಳ್ಳುವ ಅಮ್ಮನೇ ಮೊದಲು ಹೇಳಿದರು, ನಾವು ಕೇಳಿರಲಿಲ್ಲ. ಅರವತ್ತರ ಹತ್ತಿರದ ವಯಸ್ಸು, ಕಿವಿಯ ಹಿಂದೆ ಪೆನ್ನು, ನಮ್ಮಿಬ್ಬರಿಗೂ ಒಂದೇ ಸಮ "ಹನಿ" ಅನ್ನುತ್ತಿದ್ದರು. ಹೋಮ್ ಫ್ರೈಸ್ ಇವರು ತಿನ್ನಬಹುದಾ ಅಂತ ಕೇಳಿದ್ದಕ್ಕೆ ಅಡುಗೆಮನೆಗೇ ಹೋಗಿ ವಿಚಾರಿಸಿ ಬಂದು, "ಹಂದಿ ಮಾಂಸದ ಬೇಕನ್ ಬೇಯಿಸುವ ಕಾವಲಿಯಲ್ಲೇ ಮಾಡುತ್ತಾರೆ, ನಿಮಗೆ ಬೇಡ" ಅಂದರು. ಇಷ್ಟು ನೇರವಾಗಿ ಹೇಳುವವರು ನನಗೆ ಇಷ್ಟ. ಎಷ್ಟೋ ಕಡೆ ವೆಜಿಟೇರಿಯನ್ನಾ ಅಂತ ಕೇಳಿದರೆ ಹೌದು ಹೌದು ಅಂತ ತಲೆ ಆಡಿಸಿ ಬಿಡುತ್ತಾರೆ. ಸಸ್ಯಾಹಾರಿಗಳು ಒಂದು ನೆನಪಿಟ್ಟುಕೊಳ್ಳಿ, ಕಾವಲಿ ಮೇಲೆ ಆಗುವುದೆಲ್ಲ ಹೀಗೇ, ಗ್ರಿಲ್ಡ್ ಚೀಸ್ ಕೂಡ. ವಾಫಲ್‌ಗೆ ಅದರದ್ದೇ ಅಚ್ಚು ಇರುತ್ತದೆ.

ಈಗ ಕಾಫಿಗೆ ಬರೋಣ. ಬೈ ಟೂ ಕಾಫಿಯ ಊರಿನಿಂದ ಬಂದವರಿಗೆ ಡೈನರ್ ಕಾಫಿ ಒಂದು ದೊಡ್ಡ ಗೊಂದಲ. ಅಲ್ಲಿ ಒಂದು ಲೋಟ ಇಬ್ಬರಿಗೆ ಹಂಚಬೇಕು, ಇಲ್ಲಿ ಒಂದು ಕಪ್ ಮುಗಿಯುವುದೇ ಇಲ್ಲ. ಆ ಅಮ್ಮ ಗಾಜಿನ ಜಗ್ಗು ಹಿಡಿದುಕೊಂಡು ಸುತ್ತುತ್ತಲೇ ಇರುತ್ತಾರೆ, ಹಿಡಿ ಕಿತ್ತಳೆ ಬಣ್ಣದ್ದಾದರೆ ಕೆಫೀನ್ ತೆಗೆದ ಡೀಕ್ಯಾಫ್, ಕಪ್ಪು ಅಥವಾ ಕಂದು ಆದರೆ ಮಾಮೂಲಿ. ಕಾಫಿ ತೆಳು, ನಮ್ಮ ಎರಡನೇ ಡಿಕಾಕ್ಷನ್ನಿಗಿಂತ ತೆಳು. ಹಾಲಿಗೆ ಅಂತ ಉಗುರಿನಷ್ಟು ಪ್ಲಾಸ್ಟಿಕ್ ಡಬ್ಬಿಗಳು. ಇವರು ಆರು ಡಬ್ಬಿ ಒಡೆದು, ಸಕ್ಕರೆ ಹಾಕಿ, ಕಲಕಿ, ಚಮಚದಲ್ಲಿ ರುಚಿ ನೋಡಿ, ಇನ್ನರ್ಧ ಪೊಟ್ಟಣ ಸಕ್ಕರೆ ಹಾಕಿ, ಅಂತೂ ಬಣ್ಣ ಬಂತು ಅಂತ ಎರಡು ಗುಟುಕು ಕುಡಿದು ಕಪ್ ಕೆಳಗಿಟ್ಟರು. ಹಿಂದಿನಿಂದ ಕೈ ಬಂತು. ಕಪ್ ಭರ್ತಿ. ಮತ್ತೆ ಕರೀ ನೀರು. ಮತ್ತೆ ಮೂರು ಡಬ್ಬಿ. ಮತ್ತೆ ಎರಡು ಗುಟುಕು, ಮತ್ತೆ ಕೈ. "ರೀ, ಕಪ್ ಮೇಲೆ ಕೈ ಮುಚ್ಚಿಕೊಳ್ಳಿ, ಮನೆಯಲ್ಲಿ ಸಾರು ಸಾಕು ಅಂತೀರಲ್ಲ ಹಾಗೆ" ಅಂದೆ. ಮುಚ್ಚಿದರು. ಆ ಅಮ್ಮನಿಗೆ ತಕ್ಷಣ ಅರ್ಥವಾಯಿತು, ಮುಂದಿನ ಸುತ್ತಿನಲ್ಲಿ ನಮ್ಮ ಮೇಜು ಬಿಟ್ಟು ಹೋದರು.

ತಿಂಡಿ ಹೇಗಿತ್ತು? ನನ್ನ ಮೊಟ್ಟೆ ಹೇಳಿದ ಹಾಗೇ ಬಂತು, ಅಂಚು ಗರಿಗರಿ, ಹಳದಿ ಒಡೆದರೆ ಟೋಸ್ಟಿನ ಮೇಲೆ ಹರಿಯುವಷ್ಟು ಮೆತ್ತಗೆ. ಹೋಮ್ ಫ್ರೈಸ್‌ನಲ್ಲಿ ಈರುಳ್ಳಿ ಸ್ವಲ್ಪ ಸೀದು ಒಳ್ಳೆಯ ಘಮ ಬರುತ್ತಿತ್ತು, ಖಾರ ಅಂತೂ ಸೊನ್ನೆ, ಚೀಲದಲ್ಲಿದ್ದ ಚಟ್ನಿಪುಡಿ ಕಾಪಾಡಿತು. ಡಿಸ್ಕೊ ಫ್ರೈಸನ್ನು ಗ್ರೇವಿ ಇಲ್ಲದೆ ತರಿಸಿದೆವು. ಬಂದ ಐದು ನಿಮಿಷ ಚೆನ್ನಾಗಿತ್ತು, ಆಮೇಲೆ ಚೀಸ್ ಗಟ್ಟಿಯಾಗಿ ಇಡೀ ತಟ್ಟೆ ಒಂದೇ ಉಂಡೆ. ವಾಫಲ್ ದೊಡ್ಡದು, ಬಿಸಿ, ಆದರೆ ಮೇಲಿನ ಸ್ಟ್ರಾಬೆರಿ ಫ್ರೀಜರಿನಿಂದ ಈಗಷ್ಟೇ ಎದ್ದು ಬಂದಿದ್ದವು, ಒಳಗೆ ಇನ್ನೂ ಐಸ್ ಇತ್ತು.

ವಾಫಲ್ ಇಬ್ಬರೂ ತಿನ್ನೋಣ ಅಂತ ಇನ್ನೊಂದು ತಟ್ಟೆ ಕೇಳಿದೆವು. ಅಲ್ಲೇ ಎಡವಟ್ಟಾಯಿತು.

ಅದಕ್ಕೂ ಮೊದಲು ಮಿಲ್ಕ್‌ಶೇಕ್ ವಿಷಯ ಹೇಳಬೇಕು. ವೆನಿಲ್ಲಾ ಒಂದು ತರಿಸಿದೆವು. ಎತ್ತರದ ಗಾಜಿನ ಲೋಟ ತುಂಬ ಶೇಕ್ ಬಂತು, ಅದರ ಪಕ್ಕ ಬೆವರುತ್ತಿದ್ದ ಒಂದು ಸ್ಟೀಲ್ ಲೋಟವೂ ಬಂತು. ಶೇಕ್ ಕಡೆದ ಪಾತ್ರೆ ಅದು, ಲೋಟಕ್ಕೆ ಹಿಡಿಸದೆ ಉಳಿದದ್ದನ್ನು ಹಾಗೇ ತಂದಿಡುವುದು ಇಲ್ಲಿನ ಹಳೆಯ ಪದ್ಧತಿ. ಉಳಿದದ್ದು ಅಂದರೆ ಸುಮಾರು ಮುಕ್ಕಾಲು ಲೋಟ! ಕೇಳದೆಯೇ ಎರಡು ಸ್ಟ್ರಾ. ಇವರ ಮುಖ ನೋಡಬೇಕಿತ್ತು. ಎದುರಿಗೆ ಒಂದು ಗಾಜು, ಒಂದು ಸ್ಟೀಲು, ಕೈ ತನ್ನಷ್ಟಕ್ಕೆ ಡಬರಾ ಲೋಟದ ಕೆಲಸಕ್ಕೆ ಇಳಿಯಿತು. ಸ್ಟೀಲ್ ಲೋಟ ಎತ್ತಿ ಖಾಲಿ ನೀರಿನ ಗ್ಲಾಸಿಗೆ ಬಗ್ಗಿಸಿದರು. ಏನೂ ಬೀಳಲಿಲ್ಲ, ಅಷ್ಟು ಗಟ್ಟಿ. ಇನ್ನೂ ಬಗ್ಗಿಸಿದರು. ತಳಕ್ಕೆ ಎರಡು ತಟ್ಟು ತಟ್ಟಿದರು. ಪಟ್ ಅಂತ ಇಡೀ ಗೆಡ್ಡೆ ಒಮ್ಮೆಗೇ ಬಿದ್ದು ಅರ್ಧ ಗ್ಲಾಸಿಗೆ, ಅರ್ಧ ಇವರ ಇಸ್ತ್ರಿ ಮಾಡಿದ ಅಂಗಿಗೆ. ಆ ಅಮ್ಮ ನಗುತ್ತಾ ಒಂದು ಕಟ್ಟು ಟಿಶ್ಯೂ ತಂದು ಮೇಜಿನ ಮೇಲಿಟ್ಟರು. ಇಡೀ ಮೆನುವಿನಲ್ಲಿ ನಾನು ಕಣ್ಣು ಮುಚ್ಚಿ ಹೇಳುವುದು ಇದೊಂದನ್ನೇ, ಶೇಕ್ ತಗೊಳ್ಳಿ.

ಬಿಲ್ ಬಂತು. ಮೊಟ್ಟೆ ತಟ್ಟೆ 12.95, ವಾಫಲ್ 11.95, ಡಿಸ್ಕೊ ಫ್ರೈಸ್ 9.95, ಶೇಕ್ 7.95, ಎರಡು ಕಾಫಿ 7. ಕೊನೆಯಲ್ಲಿ ಇನ್ನೊಂದು ಸಾಲು, ಹಂಚಿಕೊಂಡ ತಟ್ಟೆಗೆ 3 ಡಾಲರ್. ಕೊಟ್ಟದ್ದು ಖಾಲಿ ತಟ್ಟೆ, ವಾಫಲ್ ಕತ್ತರಿಸಿದ್ದೂ ನಾವೇ! ಗಲ್ಲಾದಲ್ಲಿ ಕೇಳಿದರೆ ಮೆನುವಿನ ಹನ್ನೆರಡನೇ ಪುಟ ತಿರುಗಿಸಿ ಕೆಳಗಿನ ಸಾಲು ತೋರಿಸಿದರು, ಇರುವೆಯಷ್ಟು ಅಕ್ಷರದಲ್ಲಿ ಬರೆದಿದೆ. ಬರೆದಿದೆ ಅಂದ ಮೇಲೆ ಜಗಳ ಆಡುವ ಹಾಗಿಲ್ಲ. ಆದರೆ ಇನ್ನೊಂದು ತಟ್ಟೆ ಕೇಳಿದಾಗ "ಅದಕ್ಕೆ ದುಡ್ಡಾಗುತ್ತೆ" ಅಂತ ಒಂದು ಮಾತು ಹೇಳಬಹುದಿತ್ತು. ಗ್ರೇವಿ ಬಗ್ಗೆ ಹೇಳಿದವರು ಇದನ್ನು ಯಾಕೆ ಹೇಳಲಿಲ್ಲ ಅನ್ನುವುದೇ ನನ್ನ ಮುನಿಸು.

ಒಟ್ಟು 52.80, ಇಲ್ಲಿನ ತೆರಿಗೆ ಶೇಕಡ 6.625, ಅದು 3.50. ಟಿಪ್ಸ್ 11 ಇಟ್ಟೆವು, ಗಲ್ಲಾದವರ ಮೇಲಿನ ಸಿಟ್ಟು ಆ ಅಮ್ಮನ ಮೇಲೆ ತೀರಿಸುವುದು ಸರಿಯಲ್ಲ. ಎಲ್ಲ ಸೇರಿ 67.30. ಕಾರಿನಲ್ಲಿ ಇವರು ರೂಪಾಯಿಗೆ ಲೆಕ್ಕ ಹಾಕಲು ಶುರು ಮಾಡಿದರು, ಬೇಡ ಅಂದೆ.

ಮತ್ತೆ ಹೋಗುತ್ತೀರಾ ಅಂದರೆ ಹೋಗುತ್ತೇವೆ. ಎರಡು ಗಂಟೆ ಕೂತಿದ್ದೆವು, ಬಾಗಿಲಲ್ಲಿ ಅಷ್ಟು ಜನ ಕಾಯುತ್ತಿದ್ದರೂ ಏಳಿ ಅಂತ ಒಬ್ಬರೂ ಮುಖ ಗಂಟು ಹಾಕಲಿಲ್ಲ. ನಮ್ಮ ದರ್ಶಿನಿಗಳಲ್ಲಿ ನಿಂತುಕೊಂಡು ಆರು ನಿಮಿಷದಲ್ಲಿ ತಿಂದು ಮುಗಿಸಿ ಅಭ್ಯಾಸವಾದ ನಮಗೆ ಅದೇ ದೊಡ್ಡ ಐಷಾರಾಮ. ಇಬ್ಬರೂ ಫೋನ್ ಮುಟ್ಟದೆ ಅಷ್ಟು ಹೊತ್ತು ಮಾತಾಡಿ ಯಾವ ಕಾಲವಾಗಿತ್ತೋ. ಹೋಗುವವರು ಭಾನುವಾರ ಒಂಬತ್ತೂವರೆಯೊಳಗೆ ಹೋಗಿ. ಜೂಕ್‌ಬಾಕ್ಸಿಗೆ ನಾಣ್ಯ ಹಾಕಬೇಡಿ. ಎರಡನೇ ತಟ್ಟೆ ಕೇಳಬೇಡಿ, ಒಂದೇ ತಟ್ಟೆ ಮಧ್ಯಕ್ಕೆ ಎಳೆದುಕೊಂಡು ಎರಡು ಫೋರ್ಕ್ ಹಾಕಿ. ಫೋರ್ಕಿಗೆ ದುಡ್ಡಿಲ್ಲ. ಹೊರಡುವಾಗ ಇವರು ಗಲ್ಲಾದಲ್ಲಿ ಅದನ್ನೂ ಕೇಳಿಕೊಂಡೇ ಬಂದರು.