ಥಾನಿ: ಎಫ್7 ಒತ್ತುತ್ತಾ ಪೈಥಾನ್ ಕಲಿಸುವವರಿಗೆ

ಹೈಸ್ಕೂಲ್ ಮಕ್ಕಳಿಗೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿಸೋಕೆ ಯಾವ ಎಡಿಟರ್ (ಪ್ರೋಗ್ರಾಂ ಬರೆದು ಓಡಿಸುವ ತಂತ್ರಾಂಶ) ಒಳ್ಳೇದು ಅಂತ ಹೊಸ ಟೀಚರ್‌ಗಳು ಆಗಾಗ ಕೇಳುತ್ತಾರೆ. ನನ್ನ ಉತ್ತರ ಬದಲಾಗಿಲ್ಲ: ಥಾನಿ. ಇದಕ್ಕಿಂತ ಚೆಂದ ಕಾಣುವ, ಜಾಸ್ತಿ ಸೌಲಭ್ಯ ಇರುವ ಎಡಿಟರ್‌ಗಳು ಬೇಕಾದಷ್ಟಿವೆ. ಆದರೆ ಕಂಪ್ಯೂಟರ್ ಒಂದು ಸಾಲನ್ನು ಯಾವ ಕ್ರಮದಲ್ಲಿ ಬಿಡಿಸುತ್ತದೆ ಅನ್ನೋದನ್ನು ಇಷ್ಟು ನಿಧಾನವಾಗಿ ತೋರಿಸುವ ಇನ್ನೊಂದನ್ನು ನಾನು ಕಂಡಿಲ್ಲ.

ಇದು ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಐವಾರ್ ಅನ್ನಮಾ ಅನ್ನುವವರು ಹೊಸದಾಗಿ ಕಲಿಯುವವರಿಗಾಗಿಯೇ ಬರೆದದ್ದು. ಉಚಿತ, ಓಪನ್ ಸೋರ್ಸ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಮಾಡಿದರೆ ಪೈಥಾನ್ ಕೂಡ ಜೊತೆಗೇ ಬರುತ್ತದೆ, ಬೇರೆ ಹಾಕಬೇಕಿಲ್ಲ. ಆಮೇಲೆ ಇಂಟರ್ನೆಟ್ ಇಲ್ಲದಿದ್ದರೂ ಪಾಠ ನಿಲ್ಲುವುದಿಲ್ಲ. ಲ್ಯಾಬ್ ನೋಡಿಕೊಳ್ಳುವವರಿಗೆ ಇದೊಂದೇ ಸಾಕು ಖುಷಿಪಡಲು.

ಈಗ ವಿಷಯಕ್ಕೆ ಬರುತ್ತೇನೆ. ಮೊತ್ತ = ಮೊತ್ತ + ಅಂಕ. ಈ ಒಂದು ಸಾಲು ಎಂಟನೇ ಕ್ಲಾಸಿನಲ್ಲಿ ಎಷ್ಟು ಗಲಾಟೆ ಮಾಡುತ್ತದೆ ಅಂತ ಕಲಿಸಿದವರಿಗೇ ಗೊತ್ತು. ಗಣಿತದಲ್ಲಿ ಚುರುಕಾಗಿರುವ ಮಕ್ಕಳೇ ಮೊದಲು ತಕರಾರು ತೆಗೆಯುತ್ತಾರೆ. 'ಅಂಕ ಸೊನ್ನೆ ಆಗಿದ್ದರೆ ಮಾತ್ರ ಇದು ಸರಿ ಅಲ್ವಾ ಸರ್?' ಅಂತ. ಅವರು ಹೇಳುವುದರಲ್ಲಿ ತಪ್ಪೇನಿಲ್ಲ. ಗಣಿತದಲ್ಲಿ ಅದು ಸಮೀಕರಣ, ಇಲ್ಲಿ ಅದು ಅಪ್ಪಣೆ. ಇದನ್ನು ಬೋರ್ಡ್ ಮೇಲೆ ಬಾಣ ಹಾಕಿ ಹಾಕಿ ಹೇಳಬಹುದು. ಥಾನಿಯಲ್ಲಿ ಕಂಟ್ರೋಲ್ ಜೊತೆ ಎಫ್5 ಒತ್ತಿ ಡೀಬಗ್ (ಪ್ರೋಗ್ರಾಂ ಅನ್ನು ಹೆಜ್ಜೆ ಹೆಜ್ಜೆಯಾಗಿ ಓಡಿಸಿ ನೋಡುವುದು) ಶುರು ಮಾಡಿ, ಆಮೇಲೆ ಎಫ್7 ಒತ್ತುತ್ತಾ ಹೋದರೆ ಹೇಳುವುದೇ ಬೇಡ.

ಮೊತ್ತದಲ್ಲಿ ಈಗ 0, ಅಂಕದಲ್ಲಿ 35 ಇದೆ ಅಂದುಕೊಳ್ಳಿ. ಮೊದಲು ಇಡೀ ಸಾಲು ಬೆಳಗುತ್ತದೆ. ಆಮೇಲೆ ಸಮ ಚಿಹ್ನೆಯ ಬಲಗಡೆ ಭಾಗ ಮಾತ್ರ ಒಂದು ಪುಟ್ಟ ಚೌಕದೊಳಗೆ ಬರುತ್ತದೆ. ಇನ್ನೊಮ್ಮೆ ಒತ್ತುತ್ತಾ ಹೋದರೆ ಮೊತ್ತ ಅನ್ನುವ ಹೆಸರು ಅಳಿದು ಅಲ್ಲಿ 0 ಕೂರುತ್ತದೆ. ಅಂಕ ಇದ್ದ ಜಾಗದಲ್ಲಿ 35 ಬರುತ್ತದೆ. ಚೌಕದೊಳಗೆ ಈಗ 0 + 35. ಅದೂ ಕರಗಿ 35 ಆಗುತ್ತದೆ. ಅಲ್ಲಿಯವರೆಗೆ ಪಕ್ಕದ ವೇರಿಯಬಲ್ ಪಟ್ಟಿಯಲ್ಲಿ (ಬೆಲೆ ಇಟ್ಟುಕೊಳ್ಳುವ ಹೆಸರುಗಳ ಪಟ್ಟಿ) ಮೊತ್ತ ಸೊನ್ನೆಯಾಗಿಯೇ ಇರುತ್ತದೆ. ಕೊನೆಗೆ ಪಟ್ಟಿಯಲ್ಲಿ ಸೊನ್ನೆ ಹೋಗಿ 35 ಬಂದಾಗ, ಬಲಗಡೆ ಮೊದಲು, ಎಡಗಡೆ ಆಮೇಲೆ ಅಂತ ಮಕ್ಕಳೇ ಹೇಳುತ್ತಾರೆ.

ಸರಾಸರಿ ಲೆಕ್ಕವೂ ಹಾಗೇ. 35, 42, 28 ಮೂರು ವಿಷಯದ ಅಂಕಗಳು. ಬ್ರಾಕೆಟ್ ಹಾಕದೆ 35 + 42 + 28 / 3 ಅಂತ ಬರೆದರೆ ಉತ್ತರ 86.33 ಚಿಲ್ಲರೆ. ಮೂರರಲ್ಲಿ ಯಾವ ಅಂಕವೂ 42 ದಾಟಿಲ್ಲ, ಸರಾಸರಿ ಮಾತ್ರ 86! ಎರರ್ ಏನೂ ಬಂದಿಲ್ಲ, ಪ್ರೋಗ್ರಾಂ ಓಡಿದೆ, ಹಾಗಾಗಿ ಸರಿ ಅಂತಲೇ ಅರ್ಧ ಕ್ಲಾಸ್ ನಂಬಿರುತ್ತದೆ. ಎಫ್7 ಒತ್ತಿದರೆ 35 + 42 ಹೋಗಿ 77 ಆಗುತ್ತದೆ. ಆಮೇಲೆ 28 / 3 ತನ್ನಷ್ಟಕ್ಕೆ ತಾನು 9.33 ಆಗಿ ಕೂರುತ್ತದೆ. ಕಳ್ಳ ಅಲ್ಲೇ ಸಿಕ್ಕಿಬೀಳುತ್ತಾನೆ. ಬ್ರಾಕೆಟ್ ಹಾಕಿ ಮತ್ತೆ ಓಡಿಸಿದರೆ 105 ಭಾಗಿಸು 3, ಉತ್ತರ 35.

ಇನ್‌ಪುಟ್ ತೆಗೆದುಕೊಂಡು ಕೂಡಿಸುವಾಗ 5 ಮತ್ತು 7 ಸೇರಿ 57 ಆಗುವ ಹಳೇ ತಮಾಷೆ ಇದೆಯಲ್ಲ, ಟೈಪ್ ಮಾಡಿದ್ದನ್ನು ಪೈಥಾನ್ ಅಕ್ಷರ ಅಂತಲೇ ಇಟ್ಟುಕೊಳ್ಳುತ್ತದೆ. ವೇರಿಯಬಲ್ ಪಟ್ಟಿ ಅಲ್ಲಿಯೂ ಕೈ ಹಿಡಿಯುತ್ತದೆ. ಅಕ್ಷರವಾಗಿ ಉಳಿದ ಐದಕ್ಕೆ ಎರಡೂ ಕಡೆ ಕೋಟ್ ಇರುತ್ತದೆ, ಸಂಖ್ಯೆಯಾದ ಐದಕ್ಕೆ ಇರುವುದಿಲ್ಲ. 'ಕೋಟ್ ಇದೆಯಾ ನೋಡು' ಅಂದರೆ ಸಾಕು.

ಹತ್ತನೇ ಕ್ಲಾಸಿಗೆ ಬಂದು ರಿಕರ್ಷನ್ (ಫಂಕ್ಷನ್ ತನ್ನನ್ನು ತಾನೇ ಕರೆಯುವುದು) ಮುಟ್ಟುವವರಿಗೆ ಇದು ಇನ್ನೂ ಉಪಕಾರ. ಫಂಕ್ಷನ್ ಕರೆದಾಗಲೆಲ್ಲ ಒಂದು ಹೊಸ ಕಿಟಕಿ ತೆರೆಯುತ್ತದೆ, ಅದರದೇ ವೇರಿಯಬಲ್‌ಗಳ ಜೊತೆಗೆ. ಫ್ಯಾಕ್ಟೋರಿಯಲ್ 4 ಓಡಿಸಿದರೆ 4, 3, 2, 1 ಅಂತ ಕಿಟಕಿಗಳು ಒಂದರ ಮೇಲೊಂದು ಬಂದು, ಆಮೇಲೆ 1, 2, 6, 24 ಅಂತ ಉತ್ತರ ಕೊಡುತ್ತಾ ಒಂದೊಂದೇ ಮುಚ್ಚುತ್ತವೆ. ಪರದೆ ಚಿಕ್ಕದಿದ್ದರೆ ಕಿಟಕಿಗಳ ರಾಶಿಯಲ್ಲಿ ಸ್ವಲ್ಪ ಪರದಾಟ, ಅದು ನಿಜ.

ಕೋಟ್ ಅಥವಾ ಬ್ರಾಕೆಟ್ ಮುಚ್ಚುವುದು ಮರೆತರೆ ಎಡಿಟರ್ ಅದನ್ನು ಬಣ್ಣದಲ್ಲಿ ಎತ್ತಿ ತೋರಿಸುತ್ತದೆ. ಪೈಥಾನ್ ಜೊತೆ ಬರುವ, ಪರದೆ ಮೇಲೆ ಆಮೆ ನಡೆಸಿ ಚಿತ್ರ ಬರೆಯುವ ಟರ್ಟಲ್ ಕೂಡ ಇಲ್ಲಿ ಆರಾಮಾಗಿ ಓಡುತ್ತದೆ. 1967ರಲ್ಲಿ ಹುಟ್ಟಿದ ಲೋಗೊ ಭಾಷೆಯಿಂದ ಬಂದ ಆಮೆ ಇವತ್ತಿಗೂ ಮಕ್ಕಳಿಗೆ ಬೇಸರ ತರಿಸಿಲ್ಲ ನೋಡಿ. ಮೈಕ್ರೋಬಿಟ್, ರಾಸ್ಪ್‌ಬೆರಿ ಪೈ ಪಿಕೊ ಅನ್ನುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್‌ಗಳಿಗೂ ಇಲ್ಲಿಂದಲೇ ಪ್ರೋಗ್ರಾಂ ಕಳಿಸಬಹುದು.

ವೇರಿಯಬಲ್ ಹೆಸರನ್ನು ಕನ್ನಡದಲ್ಲೇ ಇಟ್ಟಿದ್ದು ನೋಡಿ ಕೆಲವರು ಹುಬ್ಬೇರಿಸಬಹುದು. ಪೈಥಾನ್ 3 ಅದಕ್ಕೆ ಒಪ್ಪುತ್ತದೆ. ಕೀವರ್ಡ್‌ಗಳು ಮಾತ್ರ ಇಂಗ್ಲಿಷೇ. ಯಾವುದು ಭಾಷೆ ಕೊಟ್ಟ ಪದ, ಯಾವುದು ನಾವೇ ಇಟ್ಟ ಹೆಸರು ಅನ್ನೋದು ಇದರಿಂದ ಬೇಗ ಗೊತ್ತಾಗುತ್ತದೆ, ನನಗೆ ಅದೇ ಲಾಭ. ಒಂದು ತೊಡಕಿದೆ. 'ರನ್‌ಗಳು' ಅಂತ ಹೆಸರಿಟ್ಟರೆ ಎರರ್ ಬರುತ್ತದೆ. ನ್ ಮತ್ತು ಗ ಸೇರಿ ಒತ್ತಕ್ಷರ ಆಗದ ಹಾಗೆ ತಡೆಯುವ ಕಾಣದ ಅಕ್ಷರ ಒಂದು ನಡುವೆ ಕೂತಿರುತ್ತದೆ, ಪೈಥಾನ್ ಅದನ್ನು ಹೆಸರಿನಲ್ಲಿ ಬಿಟ್ಟುಕೊಳ್ಳುವುದಿಲ್ಲ. 'ಓಟ' ಅಂತ ಇಟ್ಟರೆ ತಕರಾರಿಲ್ಲ. ನಮ್ಮ ಲಿನಕ್ಸ್ ಕಂಪ್ಯೂಟರ್‌ಗಳಲ್ಲಿ ಒತ್ತಕ್ಷರಗಳು ಚದುರಿ ಕಾಣುತ್ತವೆ. ಓಡುವುದಕ್ಕೆ ತೊಂದರೆ ಇಲ್ಲ, ನೋಡುವುದಕ್ಕೆ ಕಿರಿಕಿರಿ.

ಅಸಿಸ್ಟೆಂಟ್ ಅಂತ ಒಂದು ಭಾಗ ಇದೆ, ಎರರ್ ಬಂದಾಗ ವಿವರಣೆ ಕೊಡುತ್ತದೆ. ನನಗೆ ಅಷ್ಟಾಗಿ ಹಿಡಿಸಿಲ್ಲ. ಉದ್ದುದ್ದ ಇಂಗ್ಲಿಷ್. ಎರರ್‌ನ ಕೊನೇ ಸಾಲು ಮತ್ತು ಸಾಲಿನ ನಂಬರ್, ಇವೆರಡನ್ನು ಓದೋದು ಅಭ್ಯಾಸ ಮಾಡಿಸಿದರೆ ಅದಕ್ಕಿಂತ ವಾಸಿ.

ದೊಡ್ಡ ಅಪಾಯ ಬೇರೆ ಇದೆ. ಎಫ್7 ಸುಮ್ನೆ ಟಕಟಕ ಒತ್ತುತ್ತಾ ಕೂರುವ ಮಕ್ಕಳಿರುತ್ತಾರೆ. ಪರದೆ ಬದಲಾಗುತ್ತಾ ಇರುತ್ತದೆ, ತಲೆಗೆ ಏನೂ ಹೋಗುತ್ತಿರುವುದಿಲ್ಲ. ಅದಕ್ಕೇ ನನ್ನ ಕ್ಲಾಸಿನಲ್ಲಿ ಒತ್ತುವ ಮೊದಲು ನೋಟ್ಸಿನಲ್ಲಿ ಮುಂದಿನ ಬೆಲೆ ಬರೆಯಬೇಕು. ಇದು ನನ್ನ ಆವಿಷ್ಕಾರ ಏನಲ್ಲ. ಕಂಪ್ಯೂಟರ್ ಶಿಕ್ಷಣದ ಸಂಶೋಧಕಿ ಸೂ ಸೆಂಟೆನ್ಸ್ ಮತ್ತು ಜೊತೆಗಾರರು ರೂಪಿಸಿದ ಪ್ರಿಮ್ ಅನ್ನುವ ಬೋಧನಾ ಕ್ರಮದ ಮೊದಲ ಹೆಜ್ಜೆಯೇ ಊಹಿಸುವುದು. ಓಡಿಸುವುದು, ಕೆದಕಿ ನೋಡುವುದು, ತಿದ್ದುವುದು, ಸ್ವಂತ ಬರೆಯುವುದು ಎಲ್ಲ ಆಮೇಲೆ. ಥಾನಿ ಮೊದಲ ಹೆಜ್ಜೆಯನ್ನು ಕಡ್ಡಾಯ ಮಾಡುವುದಿಲ್ಲ. ಅದು ಟೀಚರ್ ಕೆಲಸ.

ಸಾವಿರಾರು ಸಲ ತಿರುಗುವ ಲೂಪ್ ಇದ್ದರೆ ಈ ಡೀಬಗರ್ ಆಮೆಗತಿ. ಬೇಗ ಓಡುವ ಇನ್ನೊಂದು ಡೀಬಗ್ ಮೋಡ್ ಮೆನುವಿನಲ್ಲಿದೆ, ಆದರೆ ಅದರಲ್ಲಿ ಈ ಚೌಕದ ಆಟ ಸಿಗುವುದಿಲ್ಲ. ಸ್ವಂತ ಗೇಮ್ ಬರೆಯಲು ಶುರು ಮಾಡಿದ, ನಾಲ್ಕೈದು ಫೈಲ್ ಇಟ್ಟುಕೊಂಡ ಹುಡುಗ ಹುಡುಗಿಯರನ್ನು ನಾನು ದೊಡ್ಡ ಎಡಿಟರ್ ಆದ ವಿಎಸ್ ಕೋಡ್‌ಗೆ ಕಳಿಸುತ್ತೇನೆ. ಅಲ್ಲಿ ಎಲ್ಲೋ ಸಿಕ್ಕಿಕೊಂಡಾಗ ಆ ಫಂಕ್ಷನ್ ಒಂದನ್ನೇ ಕಾಪಿ ಮಾಡಿ ಥಾನಿಯಲ್ಲಿ ಹಾಕಿ ನೋಡು ಅನ್ನುತ್ತೇನೆ. ಬ್ಲಾಕ್ ಜೋಡಿಸಿ ಪ್ರೋಗ್ರಾಂ ಮಾಡುವ ಸ್ಕ್ರಾಚ್ ಮುಗಿಸಿ ಈಗಷ್ಟೇ ಟೈಪ್ ಮಾಡಲು ಕೂತವರಿಗೆ ಮಾತ್ರ ಬೇರೆ ಯಾವುದನ್ನೂ ಕೊಡುವುದಿಲ್ಲ.