ಎಂಜಲು ಪರೀಕ್ಷೆಯೋ, ರಕ್ತ ಪರೀಕ್ಷೆಯೋ, ನೋಟ್‌ಬುಕ್ಕೋ?

47ಕ್ಕೆ ಕಾಲಿಟ್ಟ ಮೇಲೆ ನನ್ನ ಮುಟ್ಟು ಲೆಕ್ಕ ತಪ್ಪಿತು. ಒಮ್ಮೆ ಅವಧಿಗೆ ಮೊದಲೇ ಬಂದು ಹೊಳೆಯಂತೆ ಹರಿಯುವುದು, ಇನ್ನೊಮ್ಮೆ ತಿಂಗಳುಗಟ್ಟಲೆ ಪತ್ತೆಯೇ ಇಲ್ಲ. ರಾತ್ರಿ ನಿದ್ದೆಯಿಲ್ಲ, ಹಗಲು ಮೈಯಲ್ಲಿ ತ್ರಾಣವಿಲ್ಲ. ಮಂಗಳೂರಿನ ನನ್ನ ಓರಗೆಯ ಹೆಂಗಸರ ನಡುವೆ ಈಗ ಮನೆಯಲ್ಲೇ ಕೂತು ಕೊಳವೆಗೆ ಎಂಜಲು ತುಂಬಿಸಿ ಕಳಿಸುವ ಹಾರ್ಮೋನ್ ಕಿಟ್‌ನ ಮಾತು ಬಹಳ. ಸೂಜಿ ಇಲ್ಲ, ಆಸ್ಪತ್ರೆಯ ಕ್ಯೂ ಇಲ್ಲ ಎಂಬುದೇ ಅದರ ದೊಡ್ಡ ಆಕರ್ಷಣೆ. ನಾನು ಅದನ್ನೂ ಮಾಡಿಸಿದೆ, ರಕ್ತವನ್ನೂ ಕೊಟ್ಟೆ, ಮೂತ್ರದ ಪಟ್ಟಿಯನ್ನೂ ನೋಡಿದೆ, ಇದೆಲ್ಲದರ ಜೊತೆಗೆ ನೋಟ್‌ಬುಕ್ಕಿನಲ್ಲಿ ದಿನಾ ಬರೆದೆ. ತೀರ್ಮಾನ ಮೊದಲೇ ಹೇಳುತ್ತೇನೆ: ಮುಟ್ಟು ನಿಲ್ಲುವ ಕಾಲ ಬಂತೇ ಎಂದು ತಿಳಿಯಲು 45 ದಾಟಿದವರಿಗೆ ನೋಟ್‌ಬುಕ್ಕೇ ಮೇಲು, ಎಂಜಲು ಪರೀಕ್ಷೆಗೆ ಕೊಟ್ಟ ದುಡ್ಡು ದಂಡ.

ಎಂಜಲು ಪರೀಕ್ಷೆಯ ಹಿಂದಿನ ವಾದ ಪೊಳ್ಳೇನಲ್ಲ. ರಕ್ತದಲ್ಲಿರುವ ಈಸ್ಟ್ರಾಡಿಯಾಲ್ ಎಂಬ ಹೆಣ್ಣು ಹಾರ್ಮೋನಿನ (ಈಸ್ಟ್ರೊಜೆನ್‌ನ ಒಂದು ರೂಪ) ಬಹುಪಾಲು ಪ್ರೊಟೀನುಗಳಿಗೆ ಅಂಟಿಕೊಂಡಿರುತ್ತದೆ, ಬಿಡಿಯಾಗಿ ಓಡಾಡುವುದು ಶೇಕಡಾ 2ರಷ್ಟು ಮಾತ್ರ. ಎಂಜಲಿಗೆ ಇಳಿಯುವುದು ಆ ಬಿಡಿ ಅಂಶ, ಜೀವಕೋಶಗಳಿಗೆ ಮುಟ್ಟುವುದೂ ಅದೇ. ಕೇಳಿದರೆ ಸರಿಯೆನಿಸುತ್ತದೆ. ಆದರೆ ತೊಡಕಿರುವುದೂ ಅಲ್ಲೇ. ಅಷ್ಟು ಸಣ್ಣ ಪ್ರಮಾಣವನ್ನು ಅಳೆಯಹೊರಟಾಗ ಒಸಡಿನಿಂದ ಒಸರಿದ ಚೂರು ರಕ್ತ ಸೇರಿದರೂ ಲೆಕ್ಕ ಹಾಳು. ಎಲೆಯಡಿಕೆ ಹಾಕುವ ನಮ್ಮೂರ ಹಿರಿಯ ಹೆಂಗಸರಲ್ಲಿ ಎಷ್ಟು ಜನರ ಒಸಡು ಗಟ್ಟಿಯಿದೆ?

ಮಾಡುವ ಕ್ರಮವೂ ಅಂದುಕೊಂಡಷ್ಟು ಸಲೀಸಲ್ಲ. ಬೆಳಿಗ್ಗೆ ಎದ್ದು ಹಲ್ಲುಜ್ಜುವಂತಿಲ್ಲ, ಕಾಫಿ ಕುಡಿಯುವಂತಿಲ್ಲ. ಬಾಯಿ ಒಣಗಿರುತ್ತದೆ, ಬರುವುದೆಲ್ಲ ನೊರೆ. ನೊರೆ ಲೆಕ್ಕಕ್ಕಿಲ್ಲ, ಗೆರೆಯವರೆಗೆ ನೀರಾದ ಎಂಜಲೇ ತುಂಬಬೇಕು. ಒತ್ತಡದ ಹಾರ್ಮೋನ್ ಎನ್ನುವ ಕಾರ್ಟಿಸಾಲ್‌ಗೆಂದು ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ ಮತ್ತೆ ಇದೇ ಕೆಲಸ. ಕೊಳವೆಗಳನ್ನು ಫ್ರೀಜರಿನಲ್ಲಿ ಬಂಗುಡೆಯ ಡಬ್ಬದ ಪಕ್ಕ ಇಟ್ಟದ್ದಾಯಿತು. ಏಪ್ರಿಲ್ ಸೆಕೆಯಲ್ಲಿ ಕೊರಿಯರ್ ಹುಡುಗನ ಚೀಲದಲ್ಲಿ ಅವು ಎಷ್ಟು ಹೊತ್ತು ತಣ್ಣಗಿದ್ದವು ಎಂದು ಯಾರನ್ನು ಕೇಳುವುದು?

ವರದಿ ನೋಡಲು ಚಂದ, ಹಸಿರು, ಹಳದಿ, ಕೆಂಪು ಪಟ್ಟಿಗಳು. ನನಗೆ ‘ಅಡ್ರಿನಲ್ ಸುಸ್ತು’ (ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ದಣಿದಿದೆ) ಎಂದು ಬರೆದಿದ್ದರು, ಕೆಳಗೆ ಹಚ್ಚಿಕೊಳ್ಳಲು ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹೆಣ್ಣು ಹಾರ್ಮೋನಿನ ಕ್ರೀಮಿನ ಸಲಹೆ. ‘ಅಡ್ರಿನಲ್ ಸುಸ್ತು’ ಎಂಬ ಕಾಯಿಲೆಯನ್ನು ಹಾರ್ಮೋನ್ ತಜ್ಞರು ಒಪ್ಪುವುದೇ ಇಲ್ಲ. ಕ್ರೀಮಿನ ಕಥೆ ಇನ್ನೂ ಕೆಟ್ಟದ್ದು. ಅದನ್ನು ಹಚ್ಚಿದವರ ಎಂಜಲಿನಲ್ಲಿ ಪ್ರೊಜೆಸ್ಟರಾನ್ ಸಿಕ್ಕಾಪಟ್ಟೆ ಏರುತ್ತದೆ, ರಕ್ತದಲ್ಲಿ ಹೆಚ್ಚೇನೂ ಏರುವುದಿಲ್ಲ. ಗರ್ಭಕೋಶ ಇರುವ ಹೆಂಗಸಿಗೆ ಈಸ್ಟ್ರೊಜೆನ್ ಕೊಡುವಾಗ ಪ್ರೊಜೆಸ್ಟರಾನ್ ಸೇರಿಸುವುದು ಗರ್ಭಕೋಶದ ಒಳಪದರ ದಪ್ಪವಾಗಿ ಕ್ಯಾನ್ಸರಿಗೆ ತಿರುಗದಿರಲಿ ಎಂದು. ಎಂಜಲಿನ ಅಂಕಿ ನೋಡಿ ‘ಸಾಕಷ್ಟು ಉಂಟು’ ಎಂದು ಸುಮ್ಮನಿದ್ದರೆ ಆ ರಕ್ಷಣೆ ಸಿಕ್ಕಿದೆಯೆಂದು ನಂಬುವಂತಿಲ್ಲ. ಡೋಸ್ ನಿರ್ಧರಿಸಲು ಎಂಜಲು ಪರೀಕ್ಷೆ ಬೇಡ ಎಂದು ಅಮೆರಿಕದ ಮೆನೋಪಾಸ್ ಸೊಸೈಟಿ ಹೇಳುವುದು ಇಂಥ ಕಾರಣಗಳಿಗೇ. ಎಂಜಲು ಪರೀಕ್ಷೆಗೆ ಬೇರೆಡೆ ಮರ್ಯಾದೆ ಇದೆ: ಕಾರ್ಟಿಸಾಲ್ ಅತಿಯಾಗುವ ಕುಶಿಂಗ್ಸ್ ಎಂಬ ಕಾಯಿಲೆಯ ಅನುಮಾನವಿದ್ದರೆ ನಡುರಾತ್ರಿಯ ಎಂಜಲಿನ ಕಾರ್ಟಿಸಾಲನ್ನು ವೈದ್ಯರೇ ಬರೆದುಕೊಡುತ್ತಾರೆ. ಮುಟ್ಟು ನಿಲ್ಲುವ ವಿಷಯಕ್ಕೆ ಅದು ಬಾರದು.

ರಕ್ತ ಪರೀಕ್ಷೆಗೆ ಕಂಕನಾಡಿಯ ಲ್ಯಾಬಿಗೆ ಹೋದೆ. ಮುಟ್ಟು ಬಾರದೆ ಎರಡು ತಿಂಗಳು ಕಳೆದಾಗ ಎಫ್‌ಎಸ್‌ಎಚ್ (ಅಂಡಾಶಯ ಸೊರಗಿದಾಗ ರಕ್ತದಲ್ಲಿ ಏರುವ ಹಾರ್ಮೋನ್) 41 ಬಂತು. ಇನ್ನು ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಮುಟ್ಟಾಯಿತು, ಆಮೇಲೆ ಮಾಡಿಸಿದಾಗ 9. ಎರಡೂ ತಪ್ಪಲ್ಲ. ಈ ವಯಸ್ಸಿನಲ್ಲಿ ಅಂಡಾಶಯ ಒಂದು ತಿಂಗಳು ಸುಮ್ಮನಿದ್ದು ಇನ್ನೊಂದು ತಿಂಗಳು ಎದ್ದು ಕೂರುತ್ತದೆ, ಅಂಕಿಯೂ ಅದರ ಹಿಂದೆಯೇ ಏರಿಳಿಯುತ್ತದೆ. ಬ್ರಿಟನ್ನಿನಲ್ಲಿ ವೈದ್ಯರಿಗೆ ಸೂಚನೆ ಕೊಡುವ ನೈಸ್ ಸಂಸ್ಥೆ 2015ರಲ್ಲೇ ತನ್ನ ಮಾರ್ಗಸೂಚಿಯಲ್ಲಿ, 45 ದಾಟಿದ ಹೆಂಗಸಿಗೆ ಲಕ್ಷಣ ಕೇಳಿಯೇ ಹೇಳಿ, ಇದಕ್ಕೆ ಎಫ್‌ಎಸ್‌ಎಚ್ ಮಾಡಿಸಬೇಡಿ ಎಂದಿದೆ. 40ರೊಳಗೆ ಮುಟ್ಟು ನಿಂತರೆ ಮಾತ್ರ ಬೇರೆ ಮಾತು. ಅಂಥವರು ನಾಲ್ಕರಿಂದ ಆರು ವಾರದ ಅಂತರದಲ್ಲಿ ಎರಡು ಸಲ ರಕ್ತ ಕೊಡಬೇಕು ಎನ್ನುತ್ತದೆ ಅದೇ ಮಾರ್ಗಸೂಚಿ, ಮೂಳೆ ಸವೆಯುವ ಪ್ರಶ್ನೆಯೂ ಅಲ್ಲಿರುತ್ತದೆ.

ಆದರೂ ಲ್ಯಾಬಿಗೆ ಹೋದದ್ದಕ್ಕೆ ನನಗೆ ಸಮಾಧಾನವಿದೆ. ಡಾಕ್ಟರು ಅದೇ ಚೀಟಿಯಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್ ಕೂಡ ಬರೆದಿದ್ದರು. ಥೈರಾಯ್ಡ್ ಸರಿಯಿತ್ತು. ಹಿಮೋಗ್ಲೋಬಿನ್ 9.8, ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಮೆಟ್ಟಿಲು ಹತ್ತುವಾಗ ಏದುಸಿರು, ಮಧ್ಯಾಹ್ನವಾದರೆ ಬಿದ್ದುಕೊಳ್ಳಬೇಕೆನಿಸುವುದು, ಆ ಚಂದದ ವರದಿ ಅಡ್ರಿನಲ್ ತಲೆಗೆ ಕಟ್ಟಿದ್ದ ಸುಸ್ತು, ಎಲ್ಲ ಹರಿದುಹೋದ ರಕ್ತದ್ದು. ಸ್ಕ್ಯಾನಿಂಗ್ ಆಯಿತು, ಕಬ್ಬಿಣದ ಮಾತ್ರೆ ಶುರುವಾಯಿತು. ನಾನು ಕ್ರೀಮ್ ಹಚ್ಚಿಕೊಂಡು ಕೂತಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಕೋಪ ಬರುತ್ತದೆ. (ಕೂದಲು ಉದುರುವುದಕ್ಕೆ ಬಯೋಟಿನ್ ಮಾತ್ರೆ ತಿನ್ನುವವರು ರಕ್ತ ಕೊಡುವ ಮುಂಚೆ ಲ್ಯಾಬಿನಲ್ಲಿ ಹೇಳಿ. ಕೆಲವು ಯಂತ್ರಗಳಲ್ಲಿ ಥೈರಾಯ್ಡ್, ಹಾರ್ಮೋನ್ ಎರಡರ ಅಂಕಿಯನ್ನೂ ಅದು ಕೆಡಿಸುತ್ತದೆ.)

ಮೂತ್ರದ ಪಟ್ಟಿ ಅಳೆಯುವುದೂ ಎಫ್‌ಎಸ್‌ಎಚ್ಚನ್ನೇ, ಅದೂ ಅಂಕಿಯಿಲ್ಲದೆ, ಗೆರೆ ಗಾಢವೋ ತೆಳುವೋ ಎಂದಷ್ಟೇ. ರಕ್ತದ ಏರಿಳಿತದ ದೋಷವೆಲ್ಲ ಇದಕ್ಕೂ ಉಂಟು. ಅಗ್ಗ ಎಂಬುದು ಬಿಟ್ಟರೆ ಹೇಳುವಂಥದ್ದಿಲ್ಲ.

ನೋಟ್‌ಬುಕ್ಕಿನಲ್ಲಿ ನಾನು ಬರೆದದ್ದು ಇಷ್ಟು: ಮುಟ್ಟಾದ ದಿನ, ಬದಲಾಯಿಸಿದ ಪ್ಯಾಡಿನ ಲೆಕ್ಕ, ಗಡ್ಡೆ ಬಿತ್ತೇ, ರಾತ್ರಿ ಎಚ್ಚರವಾಯಿತೇ, ಮೈ ಬಿಸಿಯೇರಿತೇ. ಕರಾವಳಿಯಲ್ಲಿ ಈ ಕೊನೆಯದ್ದೇ ಕಷ್ಟ. ಮೇ ತಿಂಗಳಲ್ಲಿ ಇಲ್ಲಿ ಬೆವರದವರು ಯಾರು? ಸ್ವಲ್ಪ ದಿನ ಗಮನಿಸಿದ ಮೇಲೆ ವ್ಯತ್ಯಾಸ ಹಿಡಿಯಿತು. ಸೆಕೆಯ ಬೆವರು ಫ್ಯಾನಿನಡಿ ಕೂತರೆ ನಿಧಾನಕ್ಕೆ ಆರುತ್ತದೆ. ಇದು ಎದೆಯಿಂದ ಹೊರಟು ಕುತ್ತಿಗೆ, ಮುಖಕ್ಕೆ ಏರುತ್ತದೆ, ಗುಂಡಿಗೆ ಹೊಡೆದುಕೊಳ್ಳುತ್ತದೆ, ಕೆಲವು ನಿಮಿಷದಲ್ಲಿ ಇಳಿದು ಕೊನೆಗೆ ಚಳಿ ಹಿಡಿಯುತ್ತದೆ. ಆಟಿಯ ಮಳೆಯಲ್ಲಿ ಹೊದ್ದು ಮಲಗಿದ್ದಾಗಲೂ ರವಿಕೆ ಒದ್ದೆಯಾಗಿ ಎಚ್ಚರವಾದಾಗ ನನಗೆ ಸಂಶಯ ಉಳಿಯಲಿಲ್ಲ. ಡಾಕ್ಟರು ಆ ಬಣ್ಣದ ವರದಿಯನ್ನು ಪಕ್ಕಕ್ಕಿಟ್ಟು ನೋಟ್‌ಬುಕ್ಕಿನ ಹಾಳೆಗಳನ್ನೇ ತಿರುವಿದರು. ಹಾರ್ಮೋನ್ ಚಿಕಿತ್ಸೆ ಬೇಕಾಗಿ ಬಂದರೂ ಡೋಸ್ ಏರಿಸಿ ಇಳಿಸುವುದು ಲಕ್ಷಣ ನೋಡಿಯೇ ಎಂದರು.

ಉಡುಪಿಯಲ್ಲಿರುವ ಅಕ್ಕನಿಗೆ ಇದನ್ನೆಲ್ಲ ಹೇಳಿದಾಗ, “ನನಗೆ ಮುಟ್ಟೇ ಇಲ್ಲವಲ್ಲ ಮಾರಾಯ್ತಿ, ನಾನು ಎಂತ ಬರೆಯುವುದು?” ಎಂದಳು. ಅವಳ ಗರ್ಭಕೋಶ ತೆಗೆದಿದ್ದಾರೆ, ಅಂಡಾಶಯ ಉಳಿಸಿದ್ದಾರೆ. ಅವಳಂಥವರಿಗೆ ಹನ್ನೆರಡು ತಿಂಗಳು ಮುಟ್ಟಾಗದಿದ್ದರೆ ಮುಟ್ಟು ನಿಂತಿತು ಎನ್ನುವ ಲೆಕ್ಕ ನಡೆಯುವುದಿಲ್ಲ, ಬಿಸಿ ಮತ್ತು ನಿದ್ದೆಯದಷ್ಟೇ ಬರೆಯಬಹುದು. ಸಂಶಯ ಉಳಿದರೆ ರಕ್ತದ ಎಫ್‌ಎಸ್‌ಎಚ್ ಅಲ್ಲಿ ಕೆಲಸಕ್ಕೆ ಬರುತ್ತದೆ. ಅವಳಿಗೂ ಎಂಜಲಿನ ಕಿಟ್ ಬೇಡವೆಂದೇ ಹೇಳಿದೆ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಡಾಕ್ಟರು ಕೆಂಪು ಶಾಯಿಯಲ್ಲಿ ಒಂದು ಸಾಲು ಬರೆದುಕೊಟ್ಟಿದ್ದಾರೆ: ಪೂರ್ತಿ ಒಂದು ವರ್ಷ ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ, ಯಾವ ಟೆಸ್ಟ್ ಏನೇ ಹೇಳಲಿ, ಕಾಯದೆ ಬಂದು ತೋರಿಸಬೇಕು.