ಸಾತೊಡ್ಡಿ, ವಿಭೂತಿ, ಉಂಚಳ್ಳಿ: ಮಕ್ಕಳು, ಅಜ್ಜಿ ಎಲ್ಲರೂ ಹೊರಟರೆ ಯಾವುದು ಸುಲಭ?

ಐದು ವರ್ಷದ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಉಂಚಳ್ಳಿ ಜಲಪಾತದ ಮೆಟ್ಟಿಲು ಹತ್ತುವಾಗ ನನಗೆ ಜ್ಞಾನೋದಯವಾಯಿತು. "ಒಂದೇ ಕಿಲೋಮೀಟರ್ ನಡಿಗೆ, ಆರಾಮಾಗಿ ಹೋಗಬಹುದು" ಅನ್ನುವ ಮಾತನ್ನು ಯಾರು ಹೇಳಿದರೂ ನಂಬಬಾರದು. ಹೇಳುವವರು ಹೋಗುವ ದಾರಿಯ ಲೆಕ್ಕ ಹೇಳುತ್ತಾರೆ. ಸುಸ್ತಾದ ಮಗುವನ್ನು ಹೊತ್ತುಕೊಂಡು ವಾಪಸ್ ಬರುವ ದಾರಿ ಯಾರ ಲೆಕ್ಕದಲ್ಲೂ ಇರುವುದಿಲ್ಲ.

ನಾವಿರುವುದು ಹುಬ್ಬಳ್ಳಿಯಲ್ಲಿ. ಹೆಂಡತಿಯ ತವರು ಶಿರಸಿ ಹತ್ತಿರದ ಹಳ್ಳಿ. ಹೋದ ವರ್ಷ ದಸರೆಯಿಂದ ಡಿಸೆಂಬರ್‌ವರೆಗೆ ಮೂರು ಸಲ ಅಲ್ಲಿಗೆ ಹೋದೆವು, ಮೂರು ಸಲವೂ ಒಂದೊಂದು ಜಲಪಾತ ನೋಡಿದೆವು. ತಂಡ ಪ್ರತಿಸಲ ಅದೇ: ನಾವಿಬ್ಬರು, ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ, ಮಂಡಿ ನೋವಿರುವ ನಮ್ಮತ್ತೆ, ಕಾರು ಓಡಿಸಲು ಭಾವಮೈದ. ಹಾಗಾಗಿ ಹೋಲಿಸಲು ಅನುಕೂಲ. ಜೋಗವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅಲ್ಲಿ ಕಾರಿಂದ ಇಳಿದು ಕಟಾಂಜನಕ್ಕೆ ಒರಗಿ ನೋಡಿದರೆ ಮುಗೀತು. ನಮಗೆ ಬೇಕಿದ್ದಿದ್ದು ಕಾಡಿನೊಳಗೆ ಸ್ವಲ್ಪ ನಡೆಯುವ ಜಾಗ.

ಮೊದಲು ಹೋಗಿದ್ದು ಉಂಚಳ್ಳಿಗೆ, ಅಕ್ಟೋಬರ್‌ನಲ್ಲಿ. ಶಿರಸಿಯಿಂದ ಹೆಗ್ಗರಣಿ ಮೇಲೆ ಹೋಗಬೇಕು. ಜಾಗ ಸಿದ್ದಾಪುರ ತಾಲ್ಲೂಕಿನದು. ಅಘನಾಶಿನಿ ಇಲ್ಲಿ 116 ಮೀಟರ್ ಕೆಳಕ್ಕೆ ಧುಮುಕುತ್ತಾಳೆ. ಶಿರಸಿಯ ಹತ್ತಿರ ಹುಟ್ಟಿ ಕುಮಟಾ ತಾಲ್ಲೂಕಿನಲ್ಲಿ ಸಮುದ್ರ ಸೇರುವವರೆಗೂ ಈ ಹೊಳೆಗೆ ಅಣೆಕಟ್ಟು ಇಲ್ಲ. ಅದಕ್ಕೇ ಮಳೆ ಬಂದಷ್ಟು ನೀರು, ಒಂದು ಹನಿಯೂ ಕಡಿಮೆ ಇಲ್ಲ. ಶರಾವತಿಗೆ ಲಿಂಗನಮಕ್ಕಿ ಕಟ್ಟಿದ ಮೇಲೆ ಜೋಗದಲ್ಲಿ ನೀರು ಬಿಟ್ಟಾಗಲೋ ಮಳೆ ಜೋರಾದಾಗಲೋ ಹೋಗಿ ನೋಡಬೇಕು. ಇಲ್ಲಿ ಆ ತಾಪತ್ರಯ ಇಲ್ಲ.

1845ರಲ್ಲಿ ಬ್ರಿಟಿಷ್ ಕಲೆಕ್ಟರ್ ಲಷಿಂಗ್ಟನ್ ಇದನ್ನು 'ಪತ್ತೆ ಮಾಡಿದ' ಅಂತ ಅವನ ಹೆಸರನ್ನೂ ಇಟ್ಟಿದ್ದಾರೆ. ಊರವರು ಅದಕ್ಕಿಂತ ಚೆಂದದ ಹೆಸರು ಇಟ್ಟುಕೊಂಡಿದ್ದಾರೆ: ಕೆಪ್ಪ ಜೋಗ. ಕೆಪ್ಪ ಅಂದರೆ ಕಿವುಡ. ಸದ್ದಿಗೆ ಕಿವಿ ಮುಚ್ಚಿಹೋಗುತ್ತದೆ ಅಂತ. ಕಾರು ನಿಲ್ಲಿಸಿ ಬಾಗಿಲು ತೆಗೆದಾಗಲೇ ಆ ಸದ್ದು ಕೇಳಿಸಿತು. ಮಗ "ಅಪ್ಪಾ, ರೈಲು ಬರ್ತಿದೆಯಾ?" ಅಂದ.

ನಡಿಗೆಯ ಶುರುವಿನಲ್ಲಿ ಏನೂ ಕಷ್ಟವಿಲ್ಲ. ಮರಗಳ ನೆರಳು, ತಂಪು. ಆಮೇಲೆ ಮೆಟ್ಟಿಲು ಶುರು, ಪೂರ್ತಿ ಇಳಿಜಾರು. ಅತ್ತೆ ಹತ್ತಿಪ್ಪತ್ತು ಮೆಟ್ಟಿಲು ಇಳಿದು, ಮುಂದಿನ ತಿರುವು ನೋಡಿ, "ನಾನು ಇಲ್ಲೇ ಕೂರ್ತೆ, ನೀವು ಹೋಗಿ ಬನ್ನಿ" ಅಂದರು. ಅವರ ಜೊತೆ ಭಾವಮೈದ ಉಳಿದ. ನಾವು ಇಪ್ಪತ್ತು ನಿಮಿಷದಲ್ಲಿ ಕೆಳಗಿನ ವೀಕ್ಷಣಾ ಜಾಗ ತಲುಪಿದೆವು. ಮೊದಲು ಬರೀ ಮಂಜು. ಐದು ನಿಮಿಷ ಕಾದ ಮೇಲೆ ಪರದೆ ಸರಿದ ಹಾಗೆ ಸರಿಯಿತು, ಕಣಿವೆಯ ಆ ಕಡೆ ಇಡೀ ಹೊಳೆ ಹಾಲಿನ ಹಾಗೆ ಬೀಳುತ್ತಿತ್ತು. ಮಗಳು ಮಾತೇ ಆಡಲಿಲ್ಲ. ಅವಳು ಸುಮ್ಮನಿರುವುದು ಅಪರೂಪ.

ಮಗನಿಗೆ ಮಾತ್ರ ಎರಡೇ ನಿಮಿಷಕ್ಕೆ ಬೇಜಾರು. "ನೀರಿಗೆ ಯಾವಾಗ ಇಳಿಯೋದು?" ಇಳಿಯುವ ಹಾಗೇ ಇಲ್ಲ. ಇಲ್ಲಿ ನೀರನ್ನು ದೂರದಿಂದ ನೋಡಬೇಕು, ಅಷ್ಟೇ. ಅದನ್ನು ಅವನಿಗೆ ಹೊರಡುವ ಮೊದಲೇ ಹೇಳದಿದ್ದದ್ದು ನನ್ನ ತಪ್ಪು. ಇಳಿಯಲು ಇಪ್ಪತ್ತು ನಿಮಿಷ ಸಾಕಾಗಿತ್ತು, ಹತ್ತಲು ಐವತ್ತು ಬೇಕಾಯಿತು. ಅದರಲ್ಲಿ ಅರ್ಧ ದಾರಿ ಅವನು ನನ್ನ ಹೆಗಲ ಮೇಲೆ.

ಕಾರಿನಲ್ಲಿ ಕೂತ ಮೇಲೆ ಅವನ ಸಾಕ್ಸ್ ಕೆಂಪಾಗಿದ್ದು ಕಂಡಿತು. ತೆಗೆದು ನೋಡಿದರೆ ಕಿರುಬೆರಳ ಸಂದಿಯಲ್ಲಿ ಉಂಬಳ, ಕುಡಿದು ದ್ರಾಕ್ಷಿಯಷ್ಟು ದಪ್ಪಗಾಗಿತ್ತು. ನಾನು ಕೀಳಲು ಹೋದೆ. ಅತ್ತೆ ನನ್ನ ಕೈ ಸರಿಸಿ, ಕವಳದ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದು, ಬೆರಳ ತುದಿಯಲ್ಲಿ ಸಾಸಿವೆಯಷ್ಟು ಸುಣ್ಣ ಮುಟ್ಟಿಸಿದರು. ಮುದುರಿಕೊಂಡು ಬಿತ್ತು. ಆದರೆ ರಕ್ತ ಬೇಗ ನಿಲ್ಲಲಿಲ್ಲ. ಉಂಬಳದ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಅದಕ್ಕೇ ಹಾಗೆ. ಹೆದರುವಂಥದ್ದೇನಿಲ್ಲ. ಸೋಪು ಹಾಕಿ ತೊಳೆದು ಬಟ್ಟೆ ಒತ್ತಿ ಹಿಡಿದರೆ ಆಯಿತು. ಮಗ ಅತ್ತಿದ್ದು ಮೂರು ನಿಮಿಷ, ಆ ಕಥೆ ಶಾಲೆಯಲ್ಲಿ ಹೇಳಿದ್ದು ಮೂರು ವಾರ.

ಸಾತೊಡ್ಡಿಗೆ ಹೋಗಿದ್ದು ನವೆಂಬರ್‌ನಲ್ಲಿ, ದೀಪಾವಳಿ ರಜೆಯಲ್ಲಿ. ರಜೆಯಲ್ಲಿ ಹೋಗಿದ್ದೇ ತಪ್ಪು, ಅದನ್ನು ಆಮೇಲೆ ಹೇಳುತ್ತೇನೆ. ಯಲ್ಲಾಪುರದಿಂದ ಮೂವತ್ತು ಕಿಲೋಮೀಟರ್ ಆಸುಪಾಸು. ಹುಬ್ಬಳ್ಳಿಯಿಂದ ನೇರ ಬರುವವರಿಗೆ ಮೂರರಲ್ಲಿ ಇದೇ ಅನುಕೂಲ, ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆ ಸೇರಬಹುದು. ನಾವು ಹೋದಾಗ ಕೊನೆಯ ಕೆಲವು ಕಿಲೋಮೀಟರ್ ಮಣ್ಣು ರಸ್ತೆ, ನಮ್ಮ ಸಣ್ಣ ಕಾರಿನ ಹೊಟ್ಟೆ ಎರಡು ಸಲ ಕಲ್ಲಿಗೆ ತಾಗಿತು. ಮೊಬೈಲ್ ನೆಟ್‌ವರ್ಕ್ ಯಲ್ಲಾಪುರ ಬಿಟ್ಟು ಸ್ವಲ್ಪ ಹೊತ್ತಿಗೇ ಕೈಕೊಟ್ಟಿತು. ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ.

ಆದರೆ ಕಾರಿಂದ ಇಳಿದ ಮೇಲಿನ ನಡಿಗೆ ಇದೆಯಲ್ಲ, ಮೂರರಲ್ಲೂ ಇದೇ ಒಳ್ಳೆಯದು. ದಾರಿ ಹೆಚ್ಚುಕಮ್ಮಿ ಸಮತಟ್ಟು. ಒಂದು ಕಡೆ ದಟ್ಟ ಕಾಡು, ಇನ್ನೊಂದು ಕಡೆ ಮರಗಳ ಸಂದಿಯಲ್ಲಿ ಕೊಡಸಳ್ಳಿ ಅಣೆಕಟ್ಟಿನ ಹಿನ್ನೀರು. ಕಾಳಿ ನದಿಗೆ ಕಟ್ಟಿದ ಅಣೆಕಟ್ಟು ಅದು. ಸಾತೊಡ್ಡಿಯ ನೀರೂ ಕೊನೆಗೆ ಅಲ್ಲಿಗೇ ಹೋಗಿ ಸೇರುತ್ತದೆ. ಅತ್ತೆ ಕೋಲು ಊರಿಕೊಂಡು, ಎರಡು ಕಡೆ ಕೂತು ಎದ್ದು, ಕೊನೆಯವರೆಗೂ ನಡೆದರು. ತಲೆ ಮೇಲೆ ಜೋಡಿ ಮಂಗಟ್ಟೆ ಹಕ್ಕಿ ಹಾರಿದಾಗ ರೆಕ್ಕೆಯ ಸದ್ದು ಬಟ್ಟೆ ಒದರಿದ ಹಾಗೆ ಕೇಳಿಸಿತು. ಅದನ್ನು ಮೊದಲು ಗುರುತಿಸಿದ್ದೂ ಅವರೇ.

ಜಲಪಾತ ಎತ್ತರದ್ದಲ್ಲ, ಸುಮಾರು 15 ಮೀಟರ್. ಅಗಲವಾಗಿ ಬಂಡೆ ತುಂಬ ಹರಡಿಕೊಂಡು ಬೀಳುತ್ತದೆ. ಇದನ್ನು 'ಮಿನಿ ನಯಾಗರ' ಅನ್ನುವವರಿದ್ದಾರೆ. ಸಾತೊಡ್ಡಿ ಅಂತ ಅಷ್ಟು ಒಳ್ಳೆ ಹೆಸರಿರುವಾಗ ಕೆನಡಾದ ಗಡಿವರೆಗೆ ಯಾಕೆ ಹೋಗಬೇಕೋ! ನೀರಿಗೆ ಇಳಿಯಬಹುದು, ಆದರೆ ಕೆಳಗೆಲ್ಲ ದೊಡ್ಡ ದೊಡ್ಡ ಬಂಡೆ, ಮೇಲೆ ಪಾಚಿ. ಮಗಳು ಒಂದು ಬಂಡೆಯಿಂದ ಇನ್ನೊಂದಕ್ಕೆ ಹಾರಲು ಹೋಗಿ ಜಾರಿ ಮೊಣಕೈ ತರಚಿಕೊಂಡಳು. ಐದು ವರ್ಷದವನನ್ನು ಒಂದು ಕ್ಷಣವೂ ಕೈಬಿಡುವ ಹಾಗಿರಲಿಲ್ಲ. ಇಬ್ಬರು ಮಕ್ಕಳಿಗೆ ಇಬ್ಬರು ದೊಡ್ಡವರು ನೀರಲ್ಲಿ ನಿಲ್ಲಲೇಬೇಕು. ಹಿನ್ನೀರಿನ ಕಡೆ ಮಾತ್ರ ಯಾವ ಕಾರಣಕ್ಕೂ ಇಳಿಯಬೇಡಿ. ನಿಂತ ನೀರು ನೋಡಲು ಸಾಧು, ಆಳ ಗೊತ್ತಾಗುವುದಿಲ್ಲ.

ಇನ್ನು ರಜೆಯ ಸಂಗತಿ. ಜನ ಜಾತ್ರೆಯ ಹಾಗೆ ತುಂಬಿದ್ದರು. ಒಂದು ಗುಂಪು ಡಬ್ಬದಂಥ ಸ್ಪೀಕರ್ ತಂದು ಬಂಡೆ ಮೇಲಿಟ್ಟು ಕುಣಿಯುತ್ತಿತ್ತು. ನೀರಿನಂಚಲ್ಲಿ ಒಡೆದ ಬಾಟಲಿ. ನಾನು ಚೂರು ಆರಿಸಿ ಚಕ್ಕುಲಿ ತಂದಿದ್ದ ಡಬ್ಬಿಗೆ ತುಂಬಿಕೊಂಡು ಬಂದೆ, ಹೆಂಡತಿ ಆ ಡಬ್ಬಿಯನ್ನು ಇವತ್ತಿಗೂ ಅಡುಗೆಮನೆಗೆ ಸೇರಿಸಿಲ್ಲ. ಸಾತೊಡ್ಡಿಗೆ ಹೋಗುವುದಾದರೆ ವಾರದ ನಡುವೆ ಹೋಗಿ, ಬೆಳಿಗ್ಗೆ ಹತ್ತರೊಳಗೆ ಅಲ್ಲಿರಿ. ನೀರಿಗಿಳಿಯುವಾಗ ಮಕ್ಕಳ ಚಪ್ಪಲಿ ಬಿಚ್ಚಿಸಬೇಡಿ.

ವಿಭೂತಿಗೆ ಡಿಸೆಂಬರ್ ಮೊದಲ ವಾರ. ಈ ಹೆಸರಿಗೆ ಕಾರಣ ಸುತ್ತಲಿನ ಸುಣ್ಣಕಲ್ಲು ಅನ್ನುತ್ತಾರೆ. ಹತ್ತಿರದ ಯಾಣದ ಆ ಕಪ್ಪು ಬಂಡೆಗಳೂ ಸುಣ್ಣಕಲ್ಲೇ. ಅತ್ತೆ ಹೇಳುವುದು ಬೇರೆ. ಯಾಣ ಅಂದರೆ ಭಸ್ಮಾಸುರ ಮೋಹಿನಿಯನ್ನು ನೋಡಿ ಕುಣಿದು, ತನ್ನ ತಲೆ ಮೇಲೆ ತಾನೇ ಕೈಯಿಟ್ಟು ಬೂದಿಯಾದ ಜಾಗ, ಪಕ್ಕದಲ್ಲಿ ವಿಭೂತಿ ಇರದೆ ಇನ್ನೇನಿರುತ್ತದೆ ಅಂತ. ಮಕ್ಕಳಿಗೆ ಹಿಡಿಸಿದ್ದು ಯಾವುದು ಅಂತ ಹೇಳಬೇಕಿಲ್ಲ.

ಯಾಣದ ಕಡೆಯಿಂದಲೇ ಜಲಪಾತವಿರುವ ಮಾಬಗಿ ಊರಿಗೆ ಬರಬೇಕು. "ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ" ಅನ್ನುವ ಗಾದೆ ಈ ಕಡೆ ಎಲ್ಲರ ಬಾಯಲ್ಲೂ ಇದೆ. ಆಗ ಯಾಣಕ್ಕೆ ಕಾಡಲ್ಲಿ ದಿನಗಟ್ಟಲೆ ನಡೆಯಬೇಕಿತ್ತು, ಮೈಯಲ್ಲಿ ಕಸುವಿದ್ದವರಿಗಷ್ಟೇ ಸಾಧ್ಯ. ಈಗ ಹತ್ತಿರದವರೆಗೂ ಕಾರು ಹೋಗುತ್ತದೆ. ಸೊಕ್ಕೂ ಬೇಡ, ರೊಕ್ಕವೂ ಅಷ್ಟೇನು ಬೇಡ.

ವಿಭೂತಿಯ ನಡಿಗೆಯೂ ಒಂದು ಕಿಲೋಮೀಟರ್ ಸುತ್ತಮುತ್ತ. ಸ್ವಲ್ಪ ಏರು, ಸ್ವಲ್ಪ ಇಳಿತ. ಸಾತೊಡ್ಡಿಯಷ್ಟು ಸಲೀಸಲ್ಲ, ಉಂಚಳ್ಳಿಯಷ್ಟು ಕಡಿದೂ ಅಲ್ಲ. ನೀರಿನ ಸದ್ದು ಕಿವಿಗೆ ಬೀಳುತ್ತಿದ್ದರಿಂದ ಮಗ "ಇನ್ನೆಷ್ಟು ದೂರ" ಅಂತ ಒಂದು ಸಲವೂ ಕೇಳಲಿಲ್ಲ. ಎಲ್ಲೋ ಮೇಲೆ ಸಿಳ್ಳಾರ ಹಕ್ಕಿ ಸಿಳ್ಳೆ ಹಾಕುತ್ತಿತ್ತು, ಇವನು ಅದಕ್ಕೆ ಉತ್ತರ ಕೊಡುತ್ತಾ ನಡೆದ. ಹೋಗಲು ಮೂವತ್ತು ನಿಮಿಷ, ಬರಲು ಇಪ್ಪತ್ತೈದು. ಅತ್ತೆಗೆ ಎರಡು ಕಡೆ ಕೈ ಹಿಡಿಯಬೇಕಾಯಿತು, ಬಂದರು.

ಬಂಡೆಯ ಮೇಲೆ ಹಂತ ಹಂತವಾಗಿ ಇಳಿಯುವ ಸಣ್ಣ ಜಲಪಾತ, ಕೆಳಗೆ ಹೊಂಡ. ಉಂಚಳ್ಳಿ ಮುಂದೆ ಇದು ಏನೂ ಅಲ್ಲ. ಆದರೆ ಹೊಂಡದ ಅಂಚಿನಲ್ಲಿ, ಆ ದಿನದ ಮಟ್ಟಿಗೆ, ನೀರು ಮಗನ ಮೊಣಕಾಲಿಗೆ ಬರುತ್ತಿತ್ತು. ಅಷ್ಟು ಸಾಕಲ್ವಾ? ನಡುವೆ ಆಳವಿದೆ, ಆ ಕಡೆ ಬಿಡಬಾರದು. ಅವನು ಕಲ್ಲಿನ ಮೇಲೆ ಕೂತು ನೀರಲ್ಲಿ ಕಾಲು ಇಳಿಬಿಟ್ಟ. ಸಣ್ಣ ಮೀನುಗಳು ಬಂದು ಬೆರಳು ಕಚ್ಚತೊಡಗಿದವು. ಮೊದಲು ಕಿರುಚಿದ, ಆಮೇಲೆ ನಕ್ಕ, ಆಮೇಲೆ ಒಂದೂವರೆ ಗಂಟೆ ಅಲ್ಲಿಂದ ಏಳಲಿಲ್ಲ. ಅತ್ತೆಯೂ ಪಕ್ಕದಲ್ಲಿ ಸೀರೆ ಮೇಲೆತ್ತಿ ಕಾಲು ಬಿಟ್ಟುಕೊಂಡು ಕೂತರು. ಎರಡು ಜೊತೆ ಕಾಲು, ಒಂದು ಜೊತೆ ಪುಟ್ಟದು, ಒಂದು ಜೊತೆ ಹಿಮ್ಮಡಿ ಒಡೆದದ್ದು, ಮೀನಿಗೆ ಭೇದವಿಲ್ಲ.

ತಿನ್ನಲು ಮೂರೂ ಕಡೆ ಮನೆಯಿಂದಲೇ ಒಯ್ದೆವು: ಅವಲಕ್ಕಿ, ಬಾಳೆಹಣ್ಣು, ಮುರುಗಲು ಶರಬತ್ತು. ಮಂಗಗಳಿರುತ್ತವೆ, ಪ್ಲಾಸ್ಟಿಕ್ ಚೀಲದ ಸದ್ದಿಗೇ ಬಂದುಬಿಡುತ್ತವೆ. ಬಟ್ಟೆ ಚೀಲ ಒಳ್ಳೆಯದು.

ಹಾಗಾದರೆ ಯಾವುದು? ಎಂಟು ವರ್ಷಕ್ಕಿಂತ ಸಣ್ಣ ಮಕ್ಕಳಿದ್ದರೆ ಕಣ್ಣು ಮುಚ್ಚಿಕೊಂಡು ವಿಭೂತಿ. ನಡೆಯಲು ಕಷ್ಟವಿರುವ ಹಿರಿಯರಿದ್ದರೆ ಸಾತೊಡ್ಡಿ, ರಜೆ ದಿನ ಬಿಟ್ಟು. ಹತ್ತು ದಾಟಿದ ಮಕ್ಕಳಿದ್ದು, ನೋಡುವ ಸುಖವೇ ಮುಖ್ಯವಾದರೆ ಉಂಚಳ್ಳಿ. ನನಗೆ ಒಬ್ಬನಿಗೇ ಆರಿಸಲು ಬಿಟ್ಟರೆ ನಾನು ಉಂಚಳ್ಳಿಗೇ ಹೋಗುತ್ತೇನೆ, ಅದೂ ಹೆಗಲು ಖಾಲಿ ಇಟ್ಟುಕೊಂಡು.

ಕಾಲವನ್ನೂ ನೋಡಬೇಕು. ಜೋರು ಮಳೆಗಾಲದಲ್ಲಿ ಮೂರೂ ಬೇಡ: ಉಂಚಳ್ಳಿಯಲ್ಲಿ ಮಂಜು ಬಿಟ್ಟರೆ ಬೇರೇನೂ ಕಾಣದೆ ಹೋಗಬಹುದು, ಉಳಿದೆರಡರಲ್ಲಿ ನೀರಿಗೆ ಇಳಿಯುವಂತಿಲ್ಲ. ಏಪ್ರಿಲ್‌ನಲ್ಲಿ ವಿಭೂತಿಗೆ ಮತ್ತೆ ಹೋಗಿದ್ದೆವು. ನೀರು ಸಣ್ಣಗಾಗಿತ್ತು, ಮೀನು ಇದ್ದವು, ಮಗನಿಗೆ ಅಷ್ಟು ಸಾಕಾಯಿತು. ಆದರೆ ಬೇಸಿಗೆಗೆ ಉಂಬಳದ ಬದಲು ಉಣುಗು. ಉಂಬಳ ರಕ್ತ ಕುಡಿದು ಬಿಡುತ್ತದೆ, ಉಣುಗು ಹಾಗಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಇದರಿಂದಲೇ. ಸಿದ್ದಾಪುರ ಕಡೆಯೂ ಆ ಕಾಯಿಲೆ ಕಾಣಿಸಿಕೊಂಡಿದೆ. ಡಿಸೆಂಬರ್‌ನಿಂದ ಮೇ ತನಕ ಕಾಡಿಗೆ ಹೋಗುವ ಮೊದಲು ಕಾಯಿಲೆ ಸುದ್ದಿ ಇದೆಯಾ ಅಂತ ಊರವರನ್ನು ಕೇಳಿಕೊಳ್ಳಿ. ಒಣ ಎಲೆ ಮೇಲೆ ಕೂರಬೇಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತಿಳಿಸಿ. ಮನೆಗೆ ಬಂದ ಕೂಡಲೇ ಬಿಸಿನೀರು, ಸೋಪಿನ ಸ್ನಾನ, ಬಟ್ಟೆ ಬೇರೆ. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಲು ಮರೆಯಬಾರದು.

ಈ ದಸರೆಗೆ ಎಲ್ಲಿಗೆ ಅಂತ ಫೋನಿನಲ್ಲಿ ಚರ್ಚೆ ಶುರುವಾಗಿದೆ. ಮಗನದು ಮೀನಿನ ಜಲಪಾತ. ಆಶ್ಚರ್ಯ ಅಂದರೆ, ಇಪ್ಪತ್ತು ಮೆಟ್ಟಿಲಿಗೇ ಕೂತುಬಿಟ್ಟಿದ್ದ ಅತ್ತೆಯದು ಉಂಚಳ್ಳಿ. "ನೀವು ಕೆಳಗೆ ಹೋದಾಗ ನಾನು ಕಣ್ಣು ಮುಚ್ಚಿ ಕೂತಿದ್ದೆ, ಆ ಸದ್ದು ಇನ್ನೂ ಕಿವಿಯಲ್ಲಿದೆ" ಅಂದರು. ಸುಣ್ಣದ ಡಬ್ಬಿ ತಾವೇ ತರುತ್ತಾರಂತೆ. ಮಗನಿಗೆ ಉದ್ದ ಸಾಕ್ಸ್ ನಾವು ಕೊಳ್ಳಬೇಕು.